ಬಕ್ಕೇಶನ ಕಾಲ್ಗುಣ

ಆ ಭಾನುವಾರ ಬೆಳಗ್ಗೆ ಬಕ್ಕೇಶ್ ಬಾಯಿ ಮುಚ್ಚಿಕೊಂಡು ಬೆಣ್ಣೆದೋಸೆ ತಿಂದು ಎದ್ದು ಹೋಗಿದ್ದರೆ ಇಷ್ಟೆಲ್ಲ ರಾಮಾಯಣವೇ ಆಗುತ್ತಿರಲಿಲ್ಲ. ಆದರೆ ದೋಸೆ ಗರಿಗರಿಯಾಗಿತ್ತು, ಬೆಣ್ಣೆ ಧಾರಾಳವಾಗಿತ್ತು, ಸಂಜೆಗೆ ಹರಿಹರದಲ್ಲಿ ಸೀಸನ್ನಿನ ಮೊದಲ ಫುಟ್‌ಬಾಲ್ ಮ್ಯಾಚ್ ಇತ್ತು. ಸಂತೋಷ ತಡೆಯಲಾರದೆ ಅವನು, "ಈ ಸಲ ಒಂದು ಮ್ಯಾಚೂ ತಪ್ಪಿಸಾದಿಲ್ಲ ನೋಡ್ರಿ, ಎಲ್ಲಾದ್ಕೂ ಬರ್ತೀನಿ!" ಎಂದುಬಿಟ್ಟ.

ದಾವಣಗೆರೆಯ ಪಿ.ಜೆ. ಬಡಾವಣೆಯ ಆ ಹೋಟೆಲಿನ ಮೂಲೆಯ ಮೇಜು ತುಂಗಭದ್ರಾ ಎಫ್‌ಸಿ ಅಭಿಮಾನಿ ಬಳಗದ್ದು. ಭಾನುವಾರ ಅಲ್ಲಿ ಬೇರೆಯವರು ಕೂರುವಂತಿಲ್ಲ. ಬಕ್ಕೇಶನ ಮಾತು ಬಿದ್ದದ್ದೇ ತಡ, ಮೇಜಿನ ಸುತ್ತ ಎಲ್ಲರ ತುತ್ತೂ ಅರ್ಧ ದಾರಿಯಲ್ಲಿ ನಿಂತಿತು. ಡೊಳ್ಳು ಬಾರಿಸುವ ನಿಂಗರಾಜು ಚಟ್ನಿ ಬಟ್ಟಲನ್ನು ನೋಡತೊಡಗಿದ. ಬಳಗದ ಅಧ್ಯಕ್ಷ, ಮೆಡಿಕಲ್ ಶಾಪಿನ ಕೊಟ್ಟೂರೇಶ್, ಕೈ ಒರೆಸಿಕೊಂಡು ಗಂಟಲು ಸರಿಮಾಡಿಕೊಂಡ.

"ಬಕ್ಕೇಶಣ್ಣ, ಒಂದು ಮಾತು ಹೇಳ್ತೀನಿ. ಬ್ಯಾಸರ ಮಾಡ್ಕಾಬ್ಯಾಡ."

"ಹೇಳಪ್ಪ."

"ನಿನ್ನ ಕಾಲ್ಗುಣ ಸರಿ ಇಲ್ಲ."

ಬಕ್ಕೇಶ್ ಮೇಜಿನ ಕೆಳಗೆ ಬಗ್ಗಿ ತನ್ನ ಎರಡೂ ಕಾಲು ನೋಡಿಕೊಂಡ. ನಲವತ್ತು ವರ್ಷದಿಂದ ಇದ್ದ ಕಾಲುಗಳೇ. ಮೊನ್ನೆ ತಾನೇ ಹೊಸ ಚಪ್ಪಲಿ ಬೇರೆ ಕೊಂಡಿದ್ದ.

ಇವನ ವಿಚಾರ ಒಂದಿಷ್ಟು ಹೇಳಬೇಕು. ಬಕ್ಕೇಶನದು ಅಪ್ಪನ ಕಾಲದಿಂದ ಬಂದ ಪಾತ್ರೆ ಅಂಗಡಿ, ಸರಸ್ವತಿ ನಗರದಲ್ಲಿ ಮನೆ. ಹೆಂಡತಿ ವಾಣಿ, ಮಗಳು ತನುಶ್ರೀ, ತಾಯಿ ಬಸವಣ್ಣೆಮ್ಮ. ಯಾವ ಕೆಟ್ಟ ಚಟವೂ ಇಲ್ಲ, ತುಂಗಭದ್ರಾ ಎಫ್‌ಸಿ ಒಂದನ್ನು ಬಿಟ್ಟರೆ. ಕುಕ್ಕರ್ ಕೊಳ್ಳಲು ಬಂದವರನ್ನು ಕೂರಿಸಿ, ಕೌಂಟರಿನ ಮೇಲೆ ಸ್ಟೀಲ್ ಲೋಟಗಳನ್ನು ಸಾಲಾಗಿ ನಿಲ್ಲಿಸಿ ಆಫ್‌ಸೈಡ್ ಎಂದರೇನು ಅಂತ ತೋರಿಸುತ್ತಿದ್ದ. ಗಿರಾಕಿಗಳು ಕುಕ್ಕರ್ ಬಿಟ್ಟು ಎದ್ದು ಹೋಗುತ್ತಿದ್ದರು. ತಂಡವಾದರೋ ಹುಟ್ಟಿದ ವರ್ಷದಿಂದ ಲೀಗಿನ ಕೊನೆಯ ಸ್ಥಾನವನ್ನು ತವರುಮನೆ ಮಾಡಿಕೊಂಡಿತ್ತು. ಬಕ್ಕೇಶ್ ಒಂದೇ ಒಂದು ಸಲವೂ ಅದು ಗೆದ್ದದ್ದನ್ನು ನೋಡಿರಲಿಲ್ಲ. ಅವನ ಆಸೆಯೂ ದೊಡ್ಡದಲ್ಲ. ಟ್ರೋಫಿ, ಪದಕ ಏನೂ ಬೇಡ, ಹಳದಿ ಅಂಗಿ ತೊಟ್ಟು, ತನ್ನವರ ನಡುವೆ ನಿಂತು, ಒಂದು ಗೆಲುವನ್ನು ಕಣ್ಣಾರೆ ಕಂಡು, ಗಂಟಲು ಹರಿಯುವಷ್ಟು ಕೂಗಬೇಕು. ಈ ವರ್ಷ ಮಾಲತೇಶ್ ಎಂಬ ಹೊಸ ಹುಡುಗ ಬಂದಿದ್ದ. ಪ್ರಾಕ್ಟೀಸಿನಲ್ಲಿ ಅವನು ಓಡುವುದನ್ನು ನೋಡಿದಾಗಿನಿಂದ ಬಕ್ಕೇಶನಿಗೆ ರಾತ್ರಿ ಸರಿಯಾಗಿ ನಿದ್ದೆ ಇರಲಿಲ್ಲ.

"ನನ್ನ ಕಾಲಿಗೇನಾಗೈತೆ?" ಎಂದ ಬಕ್ಕೇಶ್.

"ತಂಡ ಎಂದಾದ್ರೂ ಗೆದ್ದೈತಾ?"

"ಗೆದ್ದೈತಲ್ಲ. ಹೋದ ವರ್ಷ, ಮೂರು ಗೋಲು."

"ಅವತ್ತು ನೀನೆಲ್ಲಿದ್ದೆ?"

ಅವತ್ತು ಅವನು ತಂಗಿಯ ಮಗುವಿನ ತೊಟ್ಟಿಲಿಗೆಂದು ಚಿತ್ರದುರ್ಗದಲ್ಲಿದ್ದ. ಮಗುವಿಗೆ ಹೆಸರಿಡುವಾಗ ಫೋನ್ ನೋಡುತ್ತಿದ್ದನೆಂದು ತಂಗಿ ಇವತ್ತಿಗೂ ಸರಿಯಾಗಿ ಮಾತಾಡುವುದಿಲ್ಲ.

"ಅದಕ್ಕೂ ಮುಂಚೆ ಒಂದ್ಸಲ," ನಿಂಗರಾಜು ಬಟ್ಟಲಿನಿಂದ ಕಣ್ಣೆತ್ತದೆ ಹೇಳಿದ, "ನೀನು ಮಿರ್ಚಿ ತರಾಕೆ ಹೊರಗೆ ಹೋದಾಗ ಗೋಲಾತು. ನೀನು ಮಿರ್ಚಿ ತಗಂಡು ಒಳಗೆ ಬಂದಿ, ಎರಡು ಗೋಲು ಬಿಟ್ಕೊಟ್ರು. ಮಿರ್ಚಿನೂ ತಣ್ಣಗಾಗಿತ್ತು."

"ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋತು ಅಂದಂಗಾತು ಇದು!" ಬಕ್ಕೇಶ್ ರೇಗಿದ. "ಆಡೋರು ಹನ್ನೊಂದು ಜನ ಅವರು. ಕುಣಿಯಾಕೆ ಬರದೋಳು ನೆಲ ಡೊಂಕು ಅಂದ್ಲಂತೆ. ನೆಲಾನೂ ಅಲ್ಲ, ನನ್ನ ಕಾಲು ಡೊಂಕಾ?"

"ಸಿಟ್ಟಾಗಬ್ಯಾಡಣ್ಣ. ನಿನಗೆ ತಂಡ ಗೆಲ್ಲಾದು ಮುಖ್ಯಾನೋ, ನೀನು ನೋಡಾದು ಮುಖ್ಯಾನೋ?"

ಇದು ಪಾಪಿ ಪ್ರಶ್ನೆ. ಬಕ್ಕೇಶನ ಕಣ್ಣಿನಲ್ಲಿ ನೀರೇ ಬಂತು. ತಟ್ಟೆ ಪಕ್ಕಕ್ಕೆ ಸರಿಸಿ, "ಗೆಲ್ಲಾದು," ಅಂದ.

ಕೊಟ್ಟೂರೇಶ್ ಇದಕ್ಕಾಗಿಯೇ ಕಾಯುತ್ತಿದ್ದವನಂತೆ ಜೇಬಿನಿಂದ, ಪೀಡೆ ಕಳೆಯುವ ದೇವರೆಂದು ಹೆಸರಾದ ಉಕ್ಕಡಗಾತ್ರಿ ಅಜ್ಜಯ್ಯನ ವಿಭೂತಿಯ ಪೊಟ್ಟಣ ತೆಗೆದ. ಅದರ ಮೇಲೆ ಕೈಯಿಟ್ಟು ಬಕ್ಕೇಶ್ ಆಣೆ ಮಾಡಿದ: ಇವತ್ತು ಮೈದಾನಕ್ಕೆ ಹೋಗುವುದಿಲ್ಲ, ಆಟ ಕಣ್ಣಿನಿಂದ ನೋಡುವುದಿಲ್ಲ, ಟಿವಿ ಫೋನುಗಳಲ್ಲೂ ಇಲ್ಲ.

"ಮನೆಯಾಗಿದ್ರೆ ತಡಕಳಾಕಾಗಲ್ಲ ನಿಂಗೆ," ಎಂದ ಕೊಟ್ಟೂರೇಶ್. "ಅವ್ವನ್ನ ಕರಕಂಡು ಉಕ್ಕಡಗಾತ್ರಿಗೇ ಹೋಗಿ ಬಾ. ಪುಣ್ಯಾನೂ ಬರುತ್ತೆ, ದೂರಾನೂ ಆಗುತ್ತೆ. ಅಲ್ಲಿಂದ ಒಂದು ಫೋಟೋ ಕಳಿಸು, ಗುಡಿ ಕಾಣಂಗಿರ್ಲಿ."

ಬಸವಣ್ಣೆಮ್ಮನಿಗೆ ವಿಷಯ ತಿಳಿದಾಗ ಆಕೆ ಮಗನ ಕಾಲನ್ನು ಹೊಸದಾಗಿ ನೋಡಿದರು. "ಹೌದಲ್ಲೋ. ನೀನು ಹುಟ್ಟಿದ ವರ್ಷ ನಮ್ಮ ಎಮ್ಮೆ ಬತ್ತಿತ್ತು. ನಾನು ಎಮ್ಮೀನ ಬೈದಿದ್ದೆ," ಎಂದು ಹೇಳಿ ಸೀರೆ ಬದಲಿಸಲು ಒಳಗೆ ಹೋದರು. ಬಕ್ಕೇಶ್ ಅಷ್ಟರಲ್ಲಿ ಒಂದು ಸಣ್ಣ ಕಳ್ಳತನ ಮಾಡಿದ. ಶರ್ಟಿನ ಒಳಗೆ ತಂಡದ ಹಳದಿ ಜೆರ್ಸಿ ತೊಟ್ಟುಕೊಂಡ. ಆಣೆಯಲ್ಲಿ ಜೆರ್ಸಿಯ ಮಾತು ಇರಲಿಲ್ಲ.

ಉಕ್ಕಡಗಾತ್ರಿಯ ಬಸ್ಸು ಹೋಗುವುದು ಹರಿಹರದ ಮೇಲೆಯೇ. ಅದೇ ದೊಡ್ಡ ಪರೀಕ್ಷೆ. ಬಸ್‌ಸ್ಟ್ಯಾಂಡಿನ ತುಂಬ ಹಳದಿ ಬಾವುಟ, ಹಳದಿ ಅಂಗಿ. ಬಕ್ಕೇಶ್ ಹಲ್ಲು ಕಚ್ಚಿಕೊಂಡು ಎದುರು ಸೀಟಿನ ಹಿಂದೆ ಬರೆದಿದ್ದ 'ಟಿಕೆಟ್ ಕೇಳಿ ಪಡೆಯಿರಿ' ಎಂಬುದನ್ನೇ ಓದುತ್ತಾ ಕೂತ. ಹರಿಹರ ದಾಟಿದ ಮೇಲೆ ಉಸಿರು ಬಿಟ್ಟ.

ಹೊಳೆದಂಡೆಯಲ್ಲಿ ಜನವೋ ಜನ. ಉಕ್ಕಡಗಾತ್ರಿಯಲ್ಲಿ ಒಂದು ರೂಢಿ ಇದೆ. ಹೊಳೆಯಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ನೀರಿಗೇ ಬಿಟ್ಟು ಬರುತ್ತಾರೆ. ಬಟ್ಟೆಯ ಜೊತೆಗೆ ಪೀಡೆಯೂ ಹೋಗಲಿ ಅಂತ. ಹೊಳೆಗೆ ಪೀಡೆ ಹತ್ತಿದರೆ ಏನು ಗತಿ ಎಂದು ಯಾರೂ ಕೇಳಿದ್ದಿಲ್ಲ. ಬಕ್ಕೇಶ್ ಫೋನು, ದುಡ್ಡು ಅವ್ವನ ಚೀಲಕ್ಕೆ ಹಾಕಿ, ಶರ್ಟು, ಪ್ಯಾಂಟು, ಜೆರ್ಸಿ ಕಳಚಿ ಕಲ್ಲಿನ ಮೇಲೆ ಒಪ್ಪವಾಗಿ ಮಡಿಸಿಟ್ಟು, ಚಡ್ಡಿಯಲ್ಲೇ ನೀರಿಗಿಳಿದು, ಮೂಗು ಹಿಡಿದು ಒಂದು ಮುಳುಗು ಹಾಕಿದ. ಮೇಲೆದ್ದು ಕಣ್ಣುಜ್ಜಿಕೊಂಡಾಗ ಕಲ್ಲು ಖಾಲಿ.

"ಅವ್ವಾ, ಬಟ್ಟೆ?"

"ಬಿಟ್ಟೆ," ಎಂದರು ಬಸವಣ್ಣೆಮ್ಮ ನಿರಾಳವಾಗಿ.

"ಜೆರ್ಸಿನೂ?"

"ಪೀಡೆ ಇದ್ದಿದ್ದೇ ಅದರಾಗೆ. ಅದನ್ನ ಮೊದ್ಲು ಬಿಟ್ಟೆ."

ಹಳದಿ ಜೆರ್ಸಿ ತುಂಗಭದ್ರೆಯ ಮಧ್ಯಕ್ಕೆ ಹೋಗಿ, ಎರಡು ತೋಳೂ ಅಗಲಿಸಿ, ಗೋಲು ಹೊಡೆದವರಂತೆ ತೇಲುತ್ತಾ ಹೋಯಿತು. ಬಕ್ಕೇಶ್ ಎದೆಮಟ್ಟ ನೀರಿನಲ್ಲಿ ನಿಂತು, ಸ್ವಂತದವರನ್ನು ರೈಲು ಹತ್ತಿಸಿದವನ ಹಾಗೆ ಅದು ಕಣ್ಮರೆಯಾಗುವ ತನಕ ನೋಡಿದ.

"ಇರ್ಲಿ. ಬ್ಯಾರೆ ಬಟ್ಟೆ ಕೊಡು," ಎಂದ ಕೊನೆಗೆ.

"ನನ್ನ ಸೀರೆ ಐತೆ. ನಿನ್ನ ಬಟ್ಟೆ ನೀನು ತಂದಿಲ್ಲೇನು?"

"ನೀನು ತಂದಿರ್ತೀಯಾ ಅಂದ್ಕಂಡಿದ್ದೆ!"

"ನಾನ್ಯಾಕ ತರ್ಲಿ? ನಿನಗೆ ಮದ್ವಿಯಾಗಿಲ್ಲೇನು?"

ವಾಣಿಗೆ ಫೋನ್ ಮಾಡಿದರೆ ಆಕೆ ನಕ್ಕು ನಕ್ಕು ಉತ್ತರವನ್ನೇ ಕೊಡಲಿಲ್ಲ. ದಂಡೆಯ ಅಂಗಡಿಯಲ್ಲಿ ಬಿಳಿ ಪಂಚೆ, ಟವೆಲ್ ಸಿಕ್ಕವು. ಅಂಗಿಗಳು ಇದ್ದವು, ಆದರೆ ಎಲ್ಲವೂ ಜವುಳ ತೆಗೆಸಲು ಬಂದ ಮಕ್ಕಳ ಅಳತೆಯವು. ಪಂಚೆ ಉಟ್ಟು, ಟವೆಲ್ ಹೊದ್ದು, ಗುಡಿಯ ಮುಂದೆ ನಿಂತು ಫೋಟೋ ತೆಗೆಸಿ ಬಳಗದ ಗುಂಪಿಗೆ ಕಳಿಸಿದ. 'ತ್ಯಾಗಮಯಿ' ಎಂದು ನಿಂಗರಾಜು ಉತ್ತರ ಹಾಕಿದ. ಕೊಟ್ಟೂರೇಶ್ ಕೈಮುಗಿಯುವ ಚಿತ್ರ ಹಾಕಿದ. ಬಕ್ಕೇಶನಿಗೆ ಸ್ವಲ್ಪ ಹೆಮ್ಮೆಯಾಯಿತು, ಅದಕ್ಕಿಂತ ಹೆಚ್ಚು ಚಳಿಯಾಯಿತು.

ಪ್ರಸಾದದ ಊಟಕ್ಕೆ ಕೂತಾಗ ಪಕ್ಕದಲ್ಲಿ ಒಬ್ಬ ದೊಡ್ಡ ಮೀಸೆಯ, ಅದಕ್ಕಿಂತ ದೊಡ್ಡ ಹೊಟ್ಟೆಯ ಮನುಷ್ಯ ಬಂದು ಕೂತ. ಸೀನುತ್ತಿದ್ದ ಬಕ್ಕೇಶನನ್ನು ನೋಡಿ, "ಯಾಕ್ರಿ ಅಣ್ಣಾರ, ಬರೇ ಮೈಯಾಗ ಕುಂತೀರಲ್ಲ?" ಎಂದು ಕೇಳಿದ.

"ನಮ್ಮವ್ವ ಅಂಗಿ ಹೊಳಿಗೆ ಬಿಟ್ಲು."

"ಅಯ್ಯ ಶಿವನ! ಥಂಡಿ ಹತ್ತತೈತ್ರಿ. ತಡೀರಿ, ನಮ್ಮ ಗಾಡ್ಯಾಗ ಒಂದು ಅಂಗಿ ಜಾಸ್ತಿ ಐತಿ." ಆತ ಎದ್ದು ಹೋಗಿ ತಂದ ಅಂಗಿ ನೇರಳೆ ಬಣ್ಣದ್ದು. ಅದನ್ನು ಬಿಡಿಸಿದಾಗ ಎದೆಯ ಮೇಲೆ 'ಮಲಪ್ರಭಾ ರೋವರ್ಸ್, ಬೆಳಗಾವಿ' ಎಂದಿತ್ತು. ಬಕ್ಕೇಶನ ಕೈಯಲ್ಲಿದ್ದ ಪಾಯಸ ಎಲೆಗೆ ವಾಪಸ್ಸು ಹೋಯಿತು.

ಹೋದ ವರ್ಷದ ಚಾಂಪಿಯನ್ನರು! ಸಂಜೆಯ ಎದುರಾಳಿಗಳು! ಆತನ ಹೆಸರು ಪರಶುರಾಮ್, ರೋವರ್ಸ್ ಅಭಿಮಾನಿಗಳ ಮುಖಂಡ. ಒಂದು ಬಸ್ಸು ತುಂಬ ಜನರನ್ನು ಕರೆದುಕೊಂಡು, ಮ್ಯಾಚಿಗೆ ಮುಂಚೆ ಅಜ್ಜಯ್ಯನಿಗೊಂದು ಕಾಯಿ ಒಡೆಸಿಕೊಂಡು ಹೋಗೋಣವೆಂದು ಬಂದಿದ್ದ.

"ಬ್ಯಾಡ್ರಿ, ನನಗೆ ಚಳಿ ಇಲ್ಲ," ಎಂದ ಬಕ್ಕೇಶ್, ಮತ್ತೊಮ್ಮೆ ಸೀನಿ.

"ಕೊಟ್ಟೋರ ಕೈ ತಳ್ಳಬಾರ್ದೋ," ಎಂದು ಬಸವಣ್ಣೆಮ್ಮ ತಾವೇ ಎದ್ದು ಮಗನ ತಲೆಗೆ ಅಂಗಿ ತೂರಿಸಿ, ಮಗುವಿಗೆ ಹಾಕುವಂತೆ ಕೈ ಎಳೆದು ತೊಡಿಸಿಯೇಬಿಟ್ಟರು. ಅಂಗಿ ಪರಶುರಾಮನ ಅಳತೆಯದು, ಬಕ್ಕೇಶನಿಗೆ ಮೊಣಕಾಲಿನವರೆಗೆ ಬಂತು. "ಬಣ್ಣ ಒಪ್ಪತೈತೆ ನೋಡು ನಿಂಗೆ. ಆ ಹಳದಿಯಾಗೆ ಕಾಮಾಲೆ ಆದೋನಂಗೆ ಕಾಣ್ತಿದ್ದಿ," ಎಂದು ಬೇರೆ ಹೇಳಿದರು.

ವಾಪಸ್ಸು ಹೋಗುವ ಬಸ್ಸಿನಲ್ಲಿ ಒಂಟಿ ಕಾಲಿಡಲೂ ಜಾಗವಿರಲಿಲ್ಲ. ಪರಶುರಾಮ್ ಬಿಡಲಿಲ್ಲ. "ನಮ್ಮ ಗಾಡಿ ಹರಿಹರಕ್ಕ ಹೊಂಟೈತ್ರಿ. ಮುದುಕಿ ನಿಂತ್ಕೊಂಡು ಹೋಗೂದು ಬ್ಯಾಡ. ಹತ್ರಿ, ಹತ್ರಿ!" ಮುದುಕಿ ಅಂದದ್ದಕ್ಕೆ ಬಸವಣ್ಣೆಮ್ಮನಿಗೆ ಮುಖ ಸಣ್ಣದಾಯಿತು, ಆದರೆ ಕಿಟಕಿ ಪಕ್ಕದ ಸೀಟು ನೋಡಿ ಕ್ಷಮಿಸಿದರು. ಬೆಳಗಾವಿಯವರು ಆಕೆಗೆ ಕುಂದಾ ಕೊಟ್ಟರು. ಆಕೆ ಬದಲಿಗೆ ಚೀಲದಿಂದ ಮಂಡಕ್ಕಿ ತೆಗೆದು ಬಸ್ಸಿಗೆಲ್ಲ ಹಂಚಿದರು. ದಾರಿಯುದ್ದಕ್ಕೂ ಆ ಜನ ತುಂಗಭದ್ರಾ ಎಫ್‌ಸಿಯನ್ನು ಹಂಗಿಸಿ ಹಾಡು ಕಟ್ಟಿ ಹಾಡಿದರು. ಬಕ್ಕೇಶ್ ಕಿವಿಗೆ ಟವೆಲ್ ಸುತ್ತಿಕೊಂಡು ಕೂತ. ಬಸವಣ್ಣೆಮ್ಮ ತಾಳ ಹಾಕಿದರು.

ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ದಾವಣಗೆರೆ ಬಸ್ಸು ಹತ್ತಿಬಿಡುವುದು ಬಕ್ಕೇಶನ ಲೆಕ್ಕಾಚಾರ. ಆದರೆ ಮ್ಯಾಚಿನ ಗದ್ದಲಕ್ಕೆ ಪೊಲೀಸರು ಆ ರಸ್ತೆ ಮುಚ್ಚಿ, ಗಾಡಿಯನ್ನು ಸೀದಾ ಹೊಳೆಪಕ್ಕದ ಮೈದಾನಕ್ಕೇ ತಿರುಗಿಸಿದರು. ಬಸ್ಸಿನ ಬಾಗಿಲಲ್ಲಿ ಇಳಿಯಲು ಕಾಲು ಚಾಚಿದ ಬಕ್ಕೇಶ್ ಹಾಗೆಯೇ ನಿಂತುಬಿಟ್ಟ. ಎದುರಿಗೇ ಗೇಟಿನ ಬಳಿ ಹಳದಿ ರುಮಾಲು ಸುತ್ತಿಕೊಂಡು ಕೊಟ್ಟೂರೇಶ್ ನಿಂತಿದ್ದ. ಪಕ್ಕದಲ್ಲಿ ನಿಂಗರಾಜು ಡೊಳ್ಳು ಬಡಿಯುತ್ತಿದ್ದ.

ಇಲ್ಲಿ ಇಳಿದು ಒಬ್ಬನೇ ನಡೆದರೆ ಅಧ್ಯಕ್ಷನ ಕಣ್ಣಿಗೆ ಬೀಳುವುದು ಖಂಡಿತ, ಅದೂ ಎದುರಾಳಿಗಳ ಅಂಗಿಯಲ್ಲಿ. ರೋವರ್ಸ್‌ನವರ ಗುಂಪಿನಲ್ಲಿ ತಲೆ ತಗ್ಗಿಸಿದರೆ ಗೇಟು ದಾಟಿ ಒಳಗೇ ಹೋಗಬೇಕು. ಅತ್ತ ದರಿ, ಇತ್ತ ಪುಲಿ. ಯೋಚಿಸಲು ಯಾರು ಬಿಟ್ಟರು? "ನಡೀರಿ ಅಣ್ಣಾರ, ನಾಚ್ಕೀ ಯಾಕ, ನಮ್ಮ ಹತ್ರ ಪಾಸ್ ಜಾಸ್ತಿ ಅದಾವು!" ಎಂದು ಪರಶುರಾಮ್ ಅವನ ಹೆಗಲ ಮೇಲೆ ಕೈಹಾಕಿದ. ಬಕ್ಕೇಶ್ ಟವೆಲನ್ನು ಮೂಗಿನವರೆಗೆ ಎಳೆದುಕೊಂಡ. ನೇರಳೆ ಪ್ರವಾಹ ತಾಯಿ ಮಗ ಇಬ್ಬರನ್ನೂ ಎತ್ತಿಕೊಂಡು ಹೋಗಿ ರೋವರ್ಸ್ ಗ್ಯಾಲರಿಯ ಮಧ್ಯದಲ್ಲಿ ಇಳಿಸಿತು.

"ಅವ್ವಾ, ಆಣೆ ಮುರಿದಂಗಾತು," ಎಂದು ಅವನು ಪಿಸುಗುಟ್ಟಿದ. ತನ್ನ ಕಾಲು ಒಳಗಿಟ್ಟಾಯಿತು. ಇನ್ನು ತಂಡ ಸೋತರೆ ಆ ಪಾಪ ತನ್ನದೇ.

"ನೀನೆಲ್ಲಿ ಬಂದಿ? ನಿನ್ನ ಕರಕಂಡು ಬಂದಾರೆ. ಬರಾದು ಬ್ಯಾರೆ, ಕರಕಂಡು ಬರಾದು ಬ್ಯಾರೆ. ಅಜ್ಜಯ್ಯಗೆ ಅಷ್ಟು ತಿಳಿಯಲ್ಲೇನು?"

"ಕಣ್ಣಿಂದ ನೋಡಲ್ಲ ಅಂತನೂ ಅಂದೀನಿ."

"ಮುಚ್ಕ."

ಬಕ್ಕೇಶ್ ಕಣ್ಣು ಮುಚ್ಚಿಕೊಂಡ. ತನ್ನ ತಂಡದ ಮ್ಯಾಚಿಗೆ ಬಂದು, ಎದುರಾಳಿಗಳ ಅಂಗಿ ತೊಟ್ಟು, ಕಣ್ಣು ಮುಚ್ಚಿ ಕೂತ ಅಭಿಮಾನಿ ಇಡೀ ಭೂಮಂಡಲದಲ್ಲಿ ಅವನೊಬ್ಬನೇ ಇರಬೇಕು. ಸೀಟಿ ಮೊಳಗಿತು. ದೂರದಲ್ಲಿ ನಿಂಗರಾಜುವಿನ ಡೊಳ್ಳು. ಬಸವಣ್ಣೆಮ್ಮ ಮಗನ ಮೇಲೆ ಕರುಣೆ ತೋರಿ ಏನಾಗುತ್ತಿದೆ ಎಂದು ಹೇಳತೊಡಗಿದರು.

"ಓಡ್ತಾರೆ... ಇನ್ನಾ ಓಡ್ತಾರೆ... ಒಬ್ಬ ಬಿದ್ದ. ಪಾಪ, ಯಾರ ಮಗನೋ. ಎದ್ದ."

"ಚೆಂಡು ಯಾರ ಹತ್ರ ಐತೆ ಅವ್ವಾ?"

"ಚೆಂಡು ಹಂಗಿರ್ಲಿ, ಅಲ್ಲೊಬ್ಬ ಹುಡುಗನ್ನ ಬಲೆ ಮುಂದೆ ಒಂಟಿ ನಿಲ್ಸಿದಾರೆ ಕಣೋ. ಬ್ಯಾರೆ ಬಣ್ಣದ ಅಂಗಿ ಕೊಟ್ಟು ಬ್ಯಾರೆ ಮಾಡ್ಯಾರೆ. ಯಾರೂ ಮಾತಾಡ್ಸಲ್ಲ ಅವನ್ನ."

"ಅವನು ಗೋಲ್ ಕೀಪರ್ ಅವ್ವಾ, ಚೆಂಡು—"

ಸುತ್ತಲಿನ ನೇರಳೆ ಜನ ಒಮ್ಮೆಲೇ ಎದ್ದು ಕುಣಿದರು. ಪರಶುರಾಮ್ ಬಕ್ಕೇಶನನ್ನು ಎತ್ತಿ ಕೆಳಗಿಳಿಸಿದ. ಕಣ್ಣು ತೆರೆಯದೆಯೇ ಬಕ್ಕೇಶನಿಗೆ ತಿಳಿಯಿತು. ರೋವರ್ಸ್ ಗೋಲು.

"ನನ್ನ ಕಾಲು," ಎಂದು ಅವನು ನರಳಿದ. "ಕೊಟ್ಟೂರೇಶ್ ಹೇಳಿದ್ದು ಖರೆ. ನನ್ನ ಹಾಳು ಕಾಲು!" ಚಪ್ಪಲಿ ಬಿಚ್ಚಿ ಎರಡೂ ಕಾಲನ್ನು ಮೇಲೆತ್ತಿ, ನೆಲಕ್ಕೆ ತಾಗದಂತೆ ಸೀಟಿನ ಮೇಲೆ ಪದ್ಮಾಸನ ಹಾಕಿ ಕೂತ. ಪರಶುರಾಮ್ ಇದು ಯಾವುದೋ ವ್ರತವೆಂದು ತಿಳಿದು ಕೈಮುಗಿದ.

ಮಧ್ಯಂತರ ಕಳೆಯಿತು. ಬಕ್ಕೇಶನ ಕಾಲು ಜೋಮು ಹಿಡಿದು, ಇದೆಯೋ ಇಲ್ಲವೋ ತಿಳಿಯದಂತಾಯಿತು. ಆಗ ಎದುರು ಗ್ಯಾಲರಿಯಿಂದ ಒಂದು ಸದ್ದು ಎದ್ದಿತು. ಬಕ್ಕೇಶ್ ಎಷ್ಟೋ ಸಲ ಕನಸಿನಲ್ಲಿ ಕೇಳಿದ ಸದ್ದು ಅದು. ಡೊಳ್ಳಿನ ತಾಳವೇ ತಪ್ಪಿಹೋಗಿತ್ತು.

"ಏನಾತು ಅವ್ವಾ? ಹೇಳು!"

"ಆ ಸಣಕಲು ಹುಡುಗ, ಹಳದಿ ಅಂಗಿಯೋನು, ಹೋರಿ ಹಬ್ಬದಾಗೆ ಹಗ್ಗ ಕಿತ್ಕಂಡ ಹೋರಿ ಓಡ್ದಂಗೆ ಓಡಿ ಬಲೆಗೆ ಒದ್ದ."

"ಮಾಲತೇಶ್!" ಎಂದ ಬಕ್ಕೇಶ್. ಆಣೆ, ಅಜ್ಜಯ್ಯ, ಅಧ್ಯಕ್ಷ ಎಲ್ಲವೂ ತಲೆಯಿಂದ ಹಾರಿಹೋದವು. ಕಣ್ಣು ತಾವಾಗಿಯೇ ತೆರೆದುಕೊಂಡವು.

ಮತ್ತೆ ಮುಚ್ಚಲು ಅವನಿಂದಾಗಲಿಲ್ಲ. ಸಂಜೆ ಬಿಸಿಲು ಹುಲ್ಲಿನ ಮೇಲೆ ಬಿದ್ದಿತ್ತು. ಅವನ ಹುಡುಗರು, ಅವನ ಹಳದಿ ಹುಡುಗರು, ಯಾವತ್ತೂ ಆಡದ ಹಾಗೆ ಆಡುತ್ತಿದ್ದರು. ಬಿದ್ದರೆ ಏಳುತ್ತಿದ್ದರು, ಎದ್ದರೆ ಓಡುತ್ತಿದ್ದರು. ಆಟ ಇನ್ನೇನು ಮುಗಿಯಬೇಕು, ಬಲಗಡೆಯಿಂದ ಚೆಂಡು ತೇಲಿ ಬಂತು, ಮಾಲತೇಶ್ ನೆಗೆದ, ತಲೆ ಕೊಟ್ಟ. ರೋವರ್ಸ್ ಕೀಪರ್ ಒಂದು ಕಡೆ ಬಿದ್ದ, ಚೆಂಡು ಇನ್ನೊಂದು ಕಡೆ ಹೋಯಿತು. ಎರಡು–ಒಂದು.

ಕೂಗಬೇಕು. ಇಷ್ಟು ವರ್ಷ ಕೂಡಿಟ್ಟ ಕೂಗು ಎದೆಯಿಂದ ಹೊರಟು ಗಂಟಲಿಗೆ ಬಂತು. ಸುತ್ತಮುತ್ತ ನೋಡಿದರೆ ಸಾವಿನ ಮನೆಯಂತಹ ನೇರಳೆ ಮೌನ. ಅವ್ವನಿಗೆ ಕುಂದಾ ತಿನ್ನಿಸಿ, ಅಂಗಿ ತೊಡಿಸಿ, ಸೀಟು ಕೊಟ್ಟು ಕರೆತಂದ ಜನ. ಇವರ ಮಧ್ಯೆ ಹೇಗೆ ಕೂಗುವುದು? ಬಕ್ಕೇಶ್ ಟವೆಲನ್ನು ಬಾಯಿಗೆ ತುರುಕಿಕೊಂಡ. ಕೂಗಿಗೆ ಬಾಯಿಯ ದಾರಿ ಮುಚ್ಚಿದ್ದೇ ಅದು ಕಣ್ಣಿನಿಂದ ಹೊರಟಿತು. ಬಿಕ್ಕಿ ಬಿಕ್ಕಿ ಅತ್ತ. ಕೊನೆಯ ಸೀಟಿ ಊದಿದಾಗಲಂತೂ ಭುಜ ಕುಲುಕಿಸಿ, ಎದೆ ಬಡಿದುಕೊಂಡು ಅತ್ತ. ಜೀವಮಾನದಲ್ಲಿ ಅಷ್ಟು ಸುಖ ಅವನು ಕಂಡಿರಲಿಲ್ಲ.

"ಅಳಬ್ಯಾಡೋ ತಮ್ಮಾ!" ಪರಶುರಾಮನೂ ಕಣ್ಣೊರೆಸಿಕೊಂಡು ಅವನನ್ನು ತಬ್ಬಿದ. "ಮಧ್ಯಾಹ್ನ ಅಂಗಿ ತೊಟ್ಟಾಂವ ನೀ, ನಮ್ಮಕಿಂತ ಜಾಸ್ತಿ ಹಚ್ಕೊಂಡಿಯಲ್ಲೋ! ಇರ್ಲಿ ಬಿಡು, ಮುಂದಿನ ಮ್ಯಾಚ್ ಗೆಲ್ಲೂಣು." ಒಬ್ಬರಾದ ಮೇಲೊಬ್ಬರು ಬಂದು ಬೆನ್ನು ಸವರಿದರು. ಒಬ್ಬ ಹೆಣ್ಣುಮಗಳು ನೀರು ಕುಡಿಸಿದಳು. ಬಕ್ಕೇಶ್ ಅಳುತ್ತಲೇ ಇದ್ದ.

ಲೀಗಿನ ಯೂಟ್ಯೂಬ್ ನೇರಪ್ರಸಾರದ ಕ್ಯಾಮೆರಾಕ್ಕೆ ಇದಕ್ಕಿಂತ ಇನ್ನೇನು ಬೇಕು? ಅದು ಬಕ್ಕೇಶನ ಮುಖದ ಮೇಲೆ ಬಂದು ನಿಂತಿತು. "ನೋಡಿ ವೀಕ್ಷಕರೇ, ಅಭಿಮಾನ ಅಂದರೆ ಇದು! ಸೋಲಿನ ನೋವನ್ನು ತಡೆಯಲಾಗದೆ ಗೋಳಾಡುತ್ತಿರುವ ರೋವರ್ಸ್ ಅಭಿಮಾನಿ!" ಎಂದ ವೀಕ್ಷಕ ವಿವರಣೆಗಾರ.

ಸರಸ್ವತಿ ನಗರದಲ್ಲಿ ಪಕ್ಕದ ಮನೆಯ ಸಹನಾ ಈ ದೃಶ್ಯ ನೋಡಿದಳು. ಸಹನಾ ಒಳ್ಳೆಯವಳೇ, ಆದರೆ ಆಕೆಯ ಕೈಗೆ ಸಿಕ್ಕ ಸುದ್ದಿ ಹಾಲಿನ ಹಾಗೆ, ಉಕ್ಕದೆ ಇರುವುದಿಲ್ಲ. ಆ ಚಿತ್ರ ಹಿಡಿದು, 'ನಮ್ಮ ಬಕ್ಕೇಶಣ್ಣ ಟಿವಿಯಾಗೆ! ಯಾಕೋ ತುಂಬಾ ಅಳ್ತಾವ್ರೆ, ಯಾರಾದ್ರೂ ನೋಡ್ರಪ್ಪ' ಎಂದು ಬಡಾವಣೆಯ ಗುಂಪಿಗೆ ಹಾಕಿದಳು. ಅಲ್ಲಿಂದ ಅದು ಅಭಿಮಾನಿ ಬಳಗದ ಗುಂಪಿಗೆ ಬರಲು ಹೊತ್ತೇನೂ ಹಿಡಿಯಲಿಲ್ಲ. ಗೇಟಿನ ಹೊರಗೆ ಬಕ್ಕೇಶ್ ಮತ್ತು ಬಸವಣ್ಣೆಮ್ಮ ಬೆಳಗಾವಿಯವರಿಗೆ ಕೈಬೀಸಿ ತಿರುಗುವಷ್ಟರಲ್ಲಿ ಹಿಂದೆ ಹಳದಿ ಗೋಡೆಯೇ ನಿಂತಿತ್ತು.

"ಭೇಷ್," ಎಂದ ಕೊಟ್ಟೂರೇಶ್.

"ಅದು... ನಮ್ಮವ್ವ ಅಂಗಿ..."

"ಅಜ್ಜಯ್ಯನ ವಿಭೂತಿ ಮುಟ್ಟಿ ಆಣೆ ಮಾಡ್ದೋನು. ಗುಡಿ ಮುಂದೆ ಫೋಟೋ ತೆಗೆಸ್ದೋನು. ಎದುರಾಳಿ ಅಂಗಿ ಹಾಕ್ಕಂಡು, ನಾವು ಗೆದ್ರೆ ಎದೆ ಎದೆ ಬಡ್ಕಂಡು ಅಳ್ತೀಯಲ್ಲ, ನಿನಗೆ ನಾಚಿಕೆ ಆಗಲ್ಲೇನು?"

"ಸಂತೋಷಕ್ಕೆ ಅತ್ತಿದ್ದು ಕಣೋ!"

ಹಳದಿ ಗೋಡೆ ಹೋ ಎಂದು ನಕ್ಕಿತು. ನಿಂಗರಾಜು ಡೊಳ್ಳಿಗೆ ಒಂದು ಏಟು ಬೇರೆ ಹಾಕಿದ. ಆಗ ಬಸವಣ್ಣೆಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. ಹೊಳೆಯಲ್ಲಿ ಬಿಟ್ಟ ಬಟ್ಟೆಯಿಂದ ಹಿಡಿದು ಪೊಲೀಸರು ತಿರುಗಿಸಿದ ಬಸ್ಸಿನವರೆಗೆ ಎಲ್ಲವನ್ನೂ, ಮಧ್ಯೆ ಕುಂದಾದ ರುಚಿಯನ್ನೂ ಸೇರಿಸಿ, ಹೇಳಿದರು. "ನನ್ನ ಮಗ ಬಂದಿಲ್ಲ, ಕರಕಂಡು ಬಂದಿದ್ದು. ಅರ್ಧ ಆಟ ಕಣ್ಣು ಮುಚ್ಕಂಡೇ ಇದ್ದ. ಬೇಕಾದ್ರೆ ನಾನು ಮುಟ್ತೀನಿ ತಗೋ ವಿಭೂತಿ," ಎಂದು ಕೈ ಚಾಚಿದರು. ಆ ಮುದುಕಮ್ಮನ ಮಾತಿಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. ನಗು ನಿಂತಿತು.

ಅಷ್ಟರಲ್ಲಿ ಬಕ್ಕೇಶನ ತಲೆಯಲ್ಲಿ ಒಂದು ದೀಪ ಹೊತ್ತಿಕೊಂಡಿತು.

"ತಡೀರಿ!" ಎಂದು ಅವನು ಕೂಗಿದ. "ನಾನು ಇವತ್ತು ಗ್ರೌಂಡಿನಾಗೆ ಇದ್ದೆ. ಹೌದಾ?"

"ಹೌದು."

"ಮೊದ್ಲಿಂದ ಕೊನೇವರ್ಗೂ ಇದ್ದೆ. ಎರಡು ಗೋಲಿಗೂ ಇದ್ದೆ. ನಾವು ಗೆದ್ವಿ, ಹೌದಾ?"

"ಗೆದ್ವಿ."

"ಅಂದ್ಮ್ಯಾಲೆ ನನ್ನ ಕಾಲ್ಗುಣಕ್ಕೆ ಏನಾಗೈತ್ರೋ? ಬಂಗಾರದಂಗೈತೆ!" ಬಕ್ಕೇಶ್ ಬರಿಗಾಲಿನಲ್ಲೇ ನೆಲವನ್ನು ಧಪಧಪ ತುಳಿದು ತೋರಿಸಿದ. ಚಪ್ಪಲಿ ಗ್ಯಾಲರಿಯಲ್ಲೇ ಉಳಿದಿತ್ತು. "ಇನ್ಮ್ಯಾಲೆ ಎಲ್ಲಾ ಮ್ಯಾಚಿಗೂ ಬರ್ತೀನಿ. ಯಾರು ತಡೀತೀರಿ ನೋಡ್ತೀನಿ!"

ಬಳಗದವರು ಮುಖ ಮುಖ ನೋಡಿಕೊಂಡರು. ಮಾತು ನ್ಯಾಯವಾಗಿಯೇ ಇತ್ತು. ನಿಂಗರಾಜು ಮೊದಲು ನಕ್ಕ, ಬಂದು ಬಕ್ಕೇಶನನ್ನು ಅಪ್ಪಿಕೊಂಡ. "ನಮ್ಮ ಬಕ್ಕೇಶಣ್ಣಗೆ..." ಎಂದು ಯಾರೋ ಕೂಗಿದರು, "ಜೈ!" ಎಂದರು ಉಳಿದವರು. ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಹರಿಹರದ ಬೀದಿಯಲ್ಲಿ, ಹಳದಿ ಸಮುದ್ರದ ಮೇಲೆ, ನೇರಳೆ ಅಂಗಿಯ ಬಕ್ಕೇಶ್ ತೇಲಿದ. ಇಷ್ಟು ವರ್ಷ ಕೂಡಿಟ್ಟಿದ್ದ ಕೂಗನ್ನು ಕೊನೆಗೂ ಬಾಯ್ತುಂಬ ಕೂಗಿದ. ಆ ಒಂದು ಕ್ಷಣ ಅವನಂಥ ಸುಖಿ ಇಡೀ ಜಿಲ್ಲೆಯಲ್ಲಿ ಇರಲಿಲ್ಲ.

ಕೊಟ್ಟೂರೇಶ್ ಮಾತ್ರ ಜೈ ಎಂದಿರಲಿಲ್ಲ. ಗಲ್ಲ ಕೆರೆದುಕೊಳ್ಳುತ್ತಾ ನಿಂತಿದ್ದ. "ಅವನ್ನ ಒಂದ್ನಿಮಿಷ ಇಳಿಸ್ರಿ," ಎಂದ.

ಇಳಿಸಿದರು.

"ನೀನು ಯಾರ ಗ್ಯಾಲರಿಯಾಗೆ ಕೂತಿದ್ದಿ?"

"ಅವರದ್ರಾಗೆ."

"ಯಾರ ಅಂಗಿ ಹಾಕಿದ್ದಿ?"

"ಅವರದು."

"ಯಾರು ಸೋತ್ರು?"

"ಅವರು," ಎಂದ ಬಕ್ಕೇಶ್, ನಗುತ್ತಲೇ. ಆ ಮೇಲೆ ನಗು ನಿಧಾನವಾಗಿ ಇಳಿಯತೊಡಗಿತು.

"ಹಂಗಾದ್ರೆ," ಎಂದ ಕೊಟ್ಟೂರೇಶ್, ಹೊಸ ಔಷಧಿ ಕಂಡುಹಿಡಿದವನ ಕಣ್ಣಿನಿಂದ, "ನಿನ್ನ ಕಾಲ್ಗುಣ ಎಂದಿನಂಗೇ ಕೆಲಸ ಮಾಡೈತೆ. ಇಷ್ಟು ವರ್ಷ ನಾವು ಅದನ್ನ ತಪ್ಪು ಕಡೆ ಕೂರಿಸ್ತಿದ್ವಿ."

ಮುಂದಿನದೆಲ್ಲ ಬಕ್ಕೇಶನ ಕಣ್ಣೆದುರೇ, ಅವನನ್ನು ಒಂದು ಮಾತೂ ಕೇಳದೆ ನಡೆಯಿತು. ಮುಂದಿನ ಭಾನುವಾರ ಮಂಗಳೂರಿನವರು ಬರುತ್ತಾರೆ, ಅವರದು ಆಕಾಶನೀಲಿ. ಆ ಮೇಲೆ ಮೈಸೂರಿನವರು, ಕೆಂಪು. ಅಂಗಿಗಳನ್ನು ತರಿಸುವ ಹೊಣೆ ನಿಂಗರಾಜು ಹೊತ್ತ. "ಸೀಸನ್ ಮುಗಿಯಾವರ್ಗೂ ಬಕ್ಕೇಶಣ್ಣ ಎದುರಾಳಿ ಗ್ಯಾಲರಿ. ಹೊರಗಿನ ಊರಿನ ಮ್ಯಾಚಿಗೂ ಕಳಿಸಾಣ," ಎಂದು ಅಧ್ಯಕ್ಷ ಘೋಷಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಸವಣ್ಣೆಮ್ಮನೂ ತಟ್ಟಿದರು. "ವಾರ ವಾರ ಹೊಸಾ ಅಂಗಿ! ನಿಮ್ಮಪ್ಪ ದೀಪಾವಳಿಗೂ ಕೊಡಿಸ್ಲಿಲ್ಲ ನಿನಗೆ."

"ಅಲ್ಲ್ರೋ, ನನಗೆ ಹಳದಿ ಅಂಗಿ ಹಾಕ್ಕಂಡು, ನಿಮ್ಮ ಜೊತೆ ನಿಂತು..." ಎಂದು ಬಕ್ಕೇಶ್ ಮೈಮೇಲಿನ ನೇರಳೆ ಅಂಗಿ ಜಗ್ಗಿದ.

"ನಿನಗೆ ತಂಡ ಗೆಲ್ಲಾದು ಮುಖ್ಯಾನೋ, ಅಂಗಿ ಮುಖ್ಯಾನೋ?"

ಬೆಳಗಿನ ಅದೇ ಪಾಪಿ ಪ್ರಶ್ನೆ. ಉತ್ತರವೂ ಅದೇ, ಬೇರೆ ಎಲ್ಲಿಂದ ತರುವುದು? "ಗೆಲ್ಲಾದು," ಎಂದ ಬಕ್ಕೇಶ್. ಆ ಮೇಲೆ ಕೊನೆಯ ಆಸೆಯೆಂಬಂತೆ ಕೇಳಿದ. "ನಮ್ಮೋರು ಗೋಲು ಹೊಡೆದಾಗ ಒಂದೇ ಒಂದ್ಸಲ ಕೂಗ್ಲಾ?"

"ಕೂಗಿದ್ರೆ ಒದೀತಾರೆ," ಎಂದ ಕೊಟ್ಟೂರೇಶ್. ಹೆಗಲ ಮೇ‍ಲೆ ಪ್ರೀತಿಯಿಂದ ಕೈಯಿಟ್ಟ. "ಆದ್ರೆ ಅಳಬಹುದು. ಎಷ್ಟು ಬೇಕಾದ್ರೂ ಅಳು. ಇವತ್ತು ಅತ್ತಂಗೇ ಅಳು, ಯಾರಿಗೂ ಗೊತ್ತಾಗಲ್ಲ."

ಬಕ್ಕೇಶ್ ಬರಿಗಾಲು ನೋಡಿಕೊಂಡ, ಮೊಣಕಾಲು ಮುಟ್ಟುತ್ತಿದ್ದ ನೇರಳೆ ಅಂಗಿ ನೋಡಿಕೊಂಡ. ಟವೆಲ್ ಮುಖಕ್ಕೆ ಒತ್ತಿಕೊಂಡು ಭುಜ ಕುಲುಕಿಸಿ ಅಳತೊಡಗಿದ. ಈ ಸಲ ಅದು ಸಂತೋಷವೋ ದುಃಖವೋ ಅವನ ಹೆತ್ತವ್ವನಿಗೂ ತಿಳಿಯಲಿಲ್ಲ.

"ನೋಡ್ರಪ್ಪ, ನೋಡ್ರಿ," ಎಂದ ಕೊಟ್ಟೂರೇಶ್ ಹೆಮ್ಮೆಯಿಂದ, "ಈಗಲೇ ಪ್ರಾಕ್ಟೀಸ್ ಶುರು ಮಾಡ್ದ!"